ರಿಕ್ವೀರ್‌ನ ಹ್ಯೂಗೆಲ್ ವೈನ್ ಮನೆ: ಅಲ್ಸಾಸ್‌ಗೆ ಹೋದ್ರೆ ಮೊದಲು ಇಲ್ಲಿಗೇ ಹೋಗಿ

ಫ್ರಾನ್ಸಿನ ಪೂರ್ವದ ಅಂಚಿನಲ್ಲಿ, ಜರ್ಮನಿ ಗಡಿಗೆ ತಾಗಿಕೊಂಡಿರೋ ವೈನ್ ಪ್ರದೇಶ ಅಲ್ಸಾಸ್. ಅಲ್ಲಿ ವೈನ್ ಮಾಡೋ ಹ್ಯೂಗೆಲ್ ಕುಟುಂಬದವರ ಅಂಗಡಿ ರಿಕ್ವೀರ್ ಊರಿನ ನಡುಮಧ್ಯೆ ಇದೆ. ಕಲ್ಲುಹಾಸಿನ ಬೀದಿಲಿ ನಡ್ಕೊಂಡು ಹೋಗ್ತಾ ಹಳದಿ ಲೇಬಲ್‌ನ ಉದ್ದ ಕುತ್ತಿಗೆ ಬಾಟಲಿಗಳು ಕಂಡ್ರೆ ಅದೇ ಅಂಗಡಿ. ರುಚಿ ನೋಡೋಕೆ ಅಪಾಯಿಂಟ್‌ಮೆಂಟ್ ಬೇಕಿಲ್ಲ, ಸೀದಾ ಒಳಗೆ ಹೋಗಿ ಕೌಂಟರ್ ಹತ್ರ ನಿಂತ್ಕೊಂಡು ಏನಿದೆ ಅಂತ ಕೇಳಬಹುದು. ನೆಲಮಾಳಿಗೆ ನೋಡ್ಬೇಕು ಅನ್ನೋರು ಮಾತ್ರ ಮೊದಲೇ ಬರೆದು ಕೇಳ್ಕೊಳ್ಳಿ. ಯೂರೋಪಿನಲ್ಲಿರೋ ನಮ್ಮವರು ತುಂಬಾ ಜನ, ಅದರಲ್ಲೂ ಸ್ಟಟ್‌ಗಾರ್ಟ್, ಕಾರ್ಲ್ಸ್‌ರೂಹೆ ಕಡೆ ಕೆಲಸಕ್ಕೆ ಬಂದಿರೋರು, ಲಾಂಗ್ ವೀಕೆಂಡ್ ಸಿಕ್ಕಿದ್ರೆ ಪ್ಯಾರಿಸ್, ಸ್ವಿಟ್ಜರ್ಲೆಂಡ್ ಅಂತ ಓಡ್ತಾರೆ, ಕಾರಲ್ಲಿ ಎರಡೂವರೆ ಮೂರು ಗಂಟೆ ದೂರದಲ್ಲಿ ಇಂಥ ಜಾಗ ಇದೆ ಅಂತ ಗೊತ್ತೇ ಇರಲ್ಲ. ಅವರಿಗೋಸ್ಕರವೇ ಇದನ್ನ ಬರೀತಿದೀನಿ. ವೈನ್ ಬಗ್ಗೆ ಏನೂ ಗೊತ್ತಿಲ್ಲ ಅನ್ನೋರೂ ಓದಿ, ಯಾಕಂದ್ರೆ ಫ್ರಾನ್ಸಿನ ವೈನ್ ಕಲಿಯೋಕೆ ಅಲ್ಸಾಸ್‌ಗಿಂತ ಸುಲಭದ ಬಾಗಿಲು ನನಗೆ ಬೇರೆ ಕಂಡಿಲ್ಲ.

ಯಾಕೆ ಸುಲಭ ಅಂದ್ರೆ, ಫ್ರಾನ್ಸಿನ ಬೇರೆ ವೈನ್ ಪ್ರದೇಶಗಳಾದ ಬೋರ್ಡೋಗೋ ಬರ್ಗಂಡಿಗೋ ಹೋದ್ರೆ ಬಾಟಲಿ ಮೇಲೆ ಊರಿನ ಹೆಸರು, ಕೋಟೆಯ ಹೆಸರು, ತೋಟದ ಹೆಸರು ಇರುತ್ತೆ, ಒಳಗೆ ಯಾವ ದ್ರಾಕ್ಷಿ ಇದೆ ಅಂತ ನಾವೇ ತಿಳ್ಕೊಂಡಿರ್ಬೇಕು. ಅಲ್ಸಾಸ್‌ನವರು ಹಾಗಲ್ಲ, ರೀಸ್ಲಿಂಗ್ ಅಂದ್ರೆ ರೀಸ್ಲಿಂಗ್, ಪೀನೋ ಗ್ರೀ ಅಂದ್ರೆ ಪೀನೋ ಗ್ರೀ ಅಂತ ಲೇಬಲ್ ಮೇಲೇ ಬರೀತಾರೆ. ಮುಖ್ಯವಾಗಿ ಏಳು ದ್ರಾಕ್ಷಿ: ರೀಸ್ಲಿಂಗ್, ಗೆವುರ್ಜ್‌ಟ್ರಾಮಿನರ್, ಪೀನೋ ಗ್ರೀ, ಮಸ್ಕಟ್, ಸಿಲ್ವಾನರ್, ಪೀನೋ ಬ್ಲಾಂ, ಆಮೇಲೆ ಕೆಂಪಿಗೆ ಪೀನೋ ನುವಾರ್ ಒಂದೇ. ಸುಮಾರು ಶೇಕಡಾ 90ರಷ್ಟು ಬಿಳಿ ವೈನೇ. ಬಾಟಲಿ ಕೂಡ ಒಂದೇ ಆಕಾರ, ಉದ್ದಕ್ಕೆ ಸಪೂರಕ್ಕೆ ಇರುತ್ತೆ. 1972ರಿಂದ ಅಲ್ಸಾಸ್ ವೈನನ್ನ ಅಲ್ಸಾಸ್‌ನಲ್ಲೇ ಬಾಟಲಿಗೆ ತುಂಬಬೇಕು ಅಂತ ಕಾನೂನು ಇದೆ, ಟ್ಯಾಂಕರ್‌ನಲ್ಲಿ ಹೊರಗಡೆ ಸಾಗಿಸಿ ಎಲ್ಲೋ ತುಂಬಿ ಮಾರೋ ಹಾಗಿಲ್ಲ.

ಮಳೆ ವಿಷಯ ಹೇಳ್ಲೇಬೇಕು, ಯಾಕಂದ್ರೆ ಇಲ್ಲಿನ ವೈನಿನ ಗುಣಕ್ಕೆ ಬುಡವೇ ಅದು, ಮತ್ತೆ ನಮಗೆ ಕರ್ನಾಟಕದವರಿಗೆ ಇದು ಒಂದೇ ಮಾತಿಗೆ ಅರ್ಥ ಆಗುತ್ತೆ. ಪಶ್ಚಿಮಕ್ಕೆ ವೋಜ್ ಬೆಟ್ಟಸಾಲು ಇದೆ, ಅದರ ಅತೀ ಎತ್ತರದ ಗ್ರಾಂ ಬಲೋನ್ 1,424 ಮೀಟರ್. ಅಟ್ಲಾಂಟಿಕ್ ಕಡೆಯಿಂದ ಬರೋ ಮೋಡ ಆ ಬೆಟ್ಟದ ಆಚೆ ಬದಿಯಲ್ಲೇ ಸುರಿದುಬಿಡುತ್ತೆ, ಈಚೆ ಕೊಲ್ಮಾರ್ ಊರಿಗೆ ಬರೋಷ್ಟರಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಅಷ್ಟೇ. ಆಗುಂಬೆಯಲ್ಲಿ ಸುರಿದು ಸುರಿದು ಚಿತ್ರದುರ್ಗ ತಲುಪೋ ಹೊತ್ತಿಗೆ ಮೋಡ ಬರಿದಾಗಲ್ವಾ, ಅದೇ ಲೆಕ್ಕ. ಇಡೀ ಫ್ರಾನ್ಸಿನಲ್ಲೇ ಅತಿ ಕಡಿಮೆ ಮಳೆ ಬೀಳೋ ಜಾಗಗಳಲ್ಲಿ ಕೊಲ್ಮಾರ್ ಒಂದು, ಅಷ್ಟು ಉತ್ತರಕ್ಕಿದ್ರೂ ಸಹ. ಹಾಗಾಗಿ ಶರತ್ಕಾಲ ಉದ್ದಕ್ಕೆ ಒಣಗಿರುತ್ತೆ, ಬಿಸಿಲು ಬರುತ್ತೆ, ರಾತ್ರಿ ತಣ್ಣಗಿರುತ್ತೆ, ಹಣ್ಣು ಬಳ್ಳಿ ಮೇಲೇ ನಿಧಾನಕ್ಕೆ ಮಾಗುತ್ತೆ. ಸಕ್ಕರೆ ಏರಿದ್ರೂ ಹುಳಿ ಪೂರ್ತಿ ಬಿದ್ದು ಹೋಗಲ್ಲ. ರೀಸ್ಲಿಂಗ್ ಅನ್ನೋ ದ್ರಾಕ್ಷಿಗೆ ಬೇಕಾಗಿರೋದು ಇದೇ.

ಇನ್ನು ಮಣ್ಣು. ಬೆಟ್ಟಕ್ಕೂ ರೈನ್ ನದಿ ಬಯಲಿಗೂ ನಡುವೆ ಒಂದು ಕಿರಿದಾದ ಪಟ್ಟಿ ಇದೆ, ಅಲ್ಲೇ ತೋಟಗಳೆಲ್ಲ. ಈ ಕಡೆ ವೋಜ್, ಆ ಕಡೆ ಜರ್ಮನಿಯ ಬ್ಲಾಕ್ ಫಾರೆಸ್ಟ್, ಮಧ್ಯದ ನೆಲ ಕೋಟ್ಯಂತರ ವರ್ಷದ ಹಿಂದೆ ಕುಸಿದು ಕಣಿವೆ ಆಯ್ತು. ಆ ಕುಸಿತದಲ್ಲಿ ಬಂಡೆ ಪದರಗಳೆಲ್ಲ ಒಡೆದು ಹೋಳಾಗಿ ಅಕ್ಕಪಕ್ಕ ಕೂತಿವೆ. ಅದಕ್ಕೇ ಒಂದು ಗುಡ್ಡದಲ್ಲಿ ಗ್ರಾನೈಟ್, ಪಕ್ಕದ ಗುಡ್ಡದಲ್ಲಿ ಸುಣ್ಣಕಲ್ಲು, ಇನ್ನೊಂದು ಕಡೆ ಮರಳುಗಲ್ಲು, ಇನ್ನೊಂದು ಕಡೆ ಜೇಡಿ ಅಂತ ಅರ್ಧ ಗಂಟೆ ನಡೆಯೋದರೊಳಗೆ ನೆಲ ಬದಲಾಗ್ತಾ ಹೋಗುತ್ತೆ, ನೆಲದ ಜೊತೆ ವೈನ್ ಕೂಡ ಬದಲಾಗುತ್ತೆ. ಇದನ್ನ ಪುಸ್ತಕದಲ್ಲಿ ಓದಿದಾಗ ನನಗೆ ನಂಬಿಕೆ ಬಂದಿರಲಿಲ್ಲ, ಒಂದೇ ದ್ರಾಕ್ಷಿ, ಒಂದೇ ವರ್ಷ, ಮಾಡಿದ ಕೈ ಕೂಡ ಒಂದೇ ಆಗಿದ್ದು ಎರಡು ಲೋಟದಲ್ಲಿ ಎರಡು ಬೇರೆ ಗುಣ ಬಂದಾಗ ನಂಬಲೇಬೇಕಾಯ್ತು.

ರಿಕ್ವೀರ್ ಊರಿಗೆ ಅಂಟಿಕೊಂಡ ಹಾಗೆ ಎದ್ದಿರೋ ಗುಡ್ಡದ ಹೆಸರು ಶೋನನ್‌ಬೂರ್. 50 ಹೆಕ್ಟೇರ್‌ಗೆ ಸ್ವಲ್ಪ ಜಾಸ್ತಿ ಇದೆ, ದಕ್ಷಿಣ-ಆಗ್ನೇಯಕ್ಕೆ ಮುಖ, ಕಡಿದಾದ ಇಳಿಜಾರು, ಜಿಪ್ಸಮ್ ಸೇರಿದ ಸುಣ್ಣ ಜೇಡಿ ಮಣ್ಣು, ನೀರನ್ನ ಒಳಗೇ ಹಿಡಿದಿಟ್ಕೊಳ್ಳುತ್ತೆ. ಇದು ರೀಸ್ಲಿಂಗ್ ಜಾಗ. ಊರಿನ ಇನ್ನೊಂದು ಪಕ್ಕದಲ್ಲಿ ಸ್ಪೋರೆನ್ ಅಂತ ತಗ್ಗಾದ, ನಿಧಾನದ ಇಳಿಜಾರಿನ ತೋಟ, ಆಳವಾದ ಜೇಡಿ, ಅಲ್ಲಿ ಗೆವುರ್ಜ್‌ಟ್ರಾಮಿನರ್ ಮತ್ತೆ ಪೀನೋ ಗ್ರೀ. ಹ್ಯೂಗೆಲ್ ಮನೆಯವರಿಗೆ ಎರಡರಲ್ಲೂ ಒಳ್ಳೊಳ್ಳೆ ತುಂಡು ಜಮೀನಿದೆ. ಅಂಗಡಿಗೆ ಹೋಗೋ ಮುಂಚೆ ಈ ಗುಡ್ಡ ಹತ್ತಿ ಅಂತ ನಾನು ಎಲ್ಲರಿಗೂ ಹೇಳ್ತೀನಿ. ಊರ ಗೋಡೆ ದಾಟಿದ ಕೂಡ್ಲೇ ತೋಟ ಶುರು, ಬೇಲಿ ಗೇಟು ಏನೂ ಇಲ್ಲ, ನಡೆಯೋಕೆ ದಾರಿ ಇದೆ, ಹಣ್ಣಿಗೆ ಕೈ ಹಾಕಬಾರದು ಅಷ್ಟೇ. ಕುಯ್ಲಿನ ಸಮಯದಲ್ಲಿ ಮಾತ್ರ ಕೆಲವು ದಾರಿ ಮುಚ್ಚಿರ್ತಾರೆ.

ನಮ್ಮ ಜೊತೆ ವಿಜಯಪುರ ಕಡೆಯ ಗೆಳೆಯ ಒಬ್ರು ಬಂದಿದ್ರು, ಅವರ ಮನೇಲಿ ತಲೆಮಾರಿಂದ ದ್ರಾಕ್ಷಿ ತೋಟ, ಒಣದ್ರಾಕ್ಷಿ ಮಾಡ್ತಾರೆ. ಶೋನನ್‌ಬೂರ್ ಮೇಲೆ ನಿಂತು ಅವರು ಕೇಳಿದ ಮೊದಲ ಪ್ರಶ್ನೆ, "ಏನ್ರಿ ಇದು, ಇಷ್ಟ್ ಇಳಿಜಾರಿನ್ಯಾಗ ಬಳ್ಳಿ ಹಚ್ಯಾರಲ್ಲ, ಚಪ್ಪರ ಎಲ್ಲೈತಿ?" ಚಪ್ಪರ ಇಲ್ಲ. ಇಲ್ಲಿ ಬಳ್ಳಿನ ತಂತಿ ಹಿಡಿದು ನೆಟ್ಟಗೆ ಮೇಲಕ್ಕೆ ಬಿಡ್ತಾರೆ, ಸಾಲು ಸಾಲಾಗಿ, ಎಲೆಗೆಲ್ಲ ಬಿಸಿಲು ತಾಗೋ ಹಾಗೆ. ನಮ್ಮಲ್ಲಿ ಬಿಸಿಲು ಜಾಸ್ತಿ ಅಂತ ಹಣ್ಣಿಗೆ ನೆರಳು ಕೊಡೋಕೆ ಚಪ್ಪರ, ಇವರಿಗೆ ಬಿಸಿಲು ಎಷ್ಟು ಸಿಕ್ಕಿದ್ರೂ ಬೇಕು. ಆಮೇಲೆ ಚಾಟ್ನಿ, ಅಂದ್ರೆ ಬಳ್ಳಿ ಕತ್ತರಿಸೋ ವಿಷಯ ಬಂತು. ನಮ್ಮ ಕಡೆ ಏಪ್ರಿಲ್‌ನಲ್ಲಿ ಒಂದು ಚಾಟ್ನಿ, ಅಕ್ಟೋಬರ್‌ನಲ್ಲಿ ಇನ್ನೊಂದು, ಹಣ್ಣು ಬೇಸಿಗೆ ಶುರು ಆಗೋ ಹೊತ್ತಿಗೆ. ಬಳ್ಳಿ ನಮ್ಮಲ್ಲಿ ನಿದ್ದೆ ಮಾಡೋದೇ ಇಲ್ಲವಲ್ಲ, ಅದಕ್ಕೆ ಎರಡು ಸಲ ಕತ್ತರಿಸಿ ದಾರಿಗೆ ತರಬೇಕು. ಇಲ್ಲಿ ಚಳಿಗಾಲ ಪೂರ್ತಿ ಬಳ್ಳಿ ಮಲಗಿರುತ್ತೆ, ಆಗ ಒಂದೇ ಸಲ ಚಾಟ್ನಿ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಕುಯ್ಲು. ಅವರು ಬಳ್ಳಿ ಬುಡ ಮುಟ್ಟಿ ನೋಡಿ, ವಯಸ್ಸು ಅಂದಾಜು ಮಾಡಿ, ಒಂದು ಬಳ್ಳಿಗೆ ಎಷ್ಟು ಗೊಂಚಲು ಬಿಟ್ಟಿದಾರೆ ಅಂತ ಎಣಿಸಿ, "ನಾವು ಇಷ್ಟ್ ಕಡಿಮಿ ಬಿಟ್ರ ಮನ್ಯಾಗ ಬೈತಾರ್ರಿ" ಅಂದ್ರು. ಆ ಒಂದು ಮಾತಿನಲ್ಲಿ ವೈನ್ ದ್ರಾಕ್ಷಿಗೂ ತಿನ್ನೋ ದ್ರಾಕ್ಷಿಗೂ ಇರೋ ವ್ಯತ್ಯಾಸ ನನಗೆ ಪೂರ್ತಿ ಅರ್ಥ ಆಯ್ತು. ಗೊಂಚಲು ಕಡಿಮೆ ಇದ್ದಷ್ಟೂ ಒಂದೊಂದರಲ್ಲಿ ರಸ ಗಟ್ಟಿ.

ಈಗ ಮನೆತನದ ವಿಷಯ. ಹ್ಯೂಗೆಲ್ ಕುಟುಂಬ ರಿಕ್ವೀರ್‌ನಲ್ಲಿ ನೆಲೆ ನಿಂತಿದ್ದು 1639ರಲ್ಲಿ. ಆಗ ಯೂರೋಪಿನಲ್ಲಿ ಮೂವತ್ತು ವರ್ಷಗಳ ಯುದ್ಧ ನಡೀತಿತ್ತು, ಅಲ್ಸಾಸ್ ಅರ್ಧಕ್ಕರ್ಧ ಖಾಲಿ ಆಗಿತ್ತು. ಅಲ್ಲಿಂದ ಇಲ್ಲಿವರೆಗೂ ಅದೇ ಊರು, ಅದೇ ಕೆಲಸ, ಈಗ ಹದಿಮೂರನೇ ತಲೆಮಾರು ನೋಡ್ಕೊಳ್ತಿದೆ. ನೆಲಮಾಳಿಗೆಯಲ್ಲಿ ಸೇಂಟ್ ಕ್ಯಾಥರಿನ್ ಅಂತ ಒಂದು ಓಕ್ ಮರದ ಪೀಪಾಯಿ ಇದೆ, 1715ರದ್ದು, 8,800 ಲೀಟರ್ ಹಿಡಿಯುತ್ತೆ, ಇವತ್ತಿಗೂ ಅದರಲ್ಲಿ ವೈನ್ ತುಂಬ್ತಾರೆ. ಬಳಕೆಯಲ್ಲಿರೋ ಪೀಪಾಯಿಗಳಲ್ಲಿ ಜಗತ್ತಿನಲ್ಲೇ ಹಳೇದು ಅಂತ ಗಿನ್ನೆಸ್ ದಾಖಲೆ ಇದೆ. ಮ್ಯೂಸಿಯಂ ವಸ್ತು ಅಲ್ಲ, ಕೆಲಸ ಮಾಡ್ತಿರೋ ಪಾತ್ರೆ. ಇಷ್ಟು ಹಳೇ ಮರ ವೈನಿಗೆ ಮರದ ವಾಸನೆ ಕೊಡಲ್ಲ, ಸುಮ್ನೆ ಉಸಿರಾಡೋಕೆ ಜಾಗ ಕೊಡುತ್ತೆ, ಅಲ್ಸಾಸ್ ಪದ್ಧತಿನೇ ಅದು. ಹಣ್ಣಿನ ರುಚಿ ಮೇಲೆ ಓಕ್ ರುಚಿ ಕೂರಿಸೋದು ಇಲ್ಲಿಯವರಿಗೆ ಇಷ್ಟ ಆಗಲ್ಲ, ನನಗೂ ಇಷ್ಟ ಆಗಲ್ಲ.

ರಿಕ್ವೀರ್ ಊರು 1324ರಿಂದ ಫ್ರೆಂಚ್ ಕ್ರಾಂತಿ ಕಾಲದವರೆಗೂ ವುರ್ಟೆಂಬರ್ಗ್ ದೊರೆಗಳ ಆಸ್ತಿ ಆಗಿತ್ತು, ಅಂದ್ರೆ ಈಗ ಸ್ಟಟ್‌ಗಾರ್ಟ್ ರಾಜಧಾನಿ ಆಗಿರೋ ಸೀಮೆಯವರು. ಸ್ಟಟ್‌ಗಾರ್ಟ್‌ನಲ್ಲಿರೋ ನಮ್ಮವರು ಒಂದು ಸಲ ಆದ್ರೂ ನೋಡ್ಲಿ ಅಂತ ನಾನು ಹೇಳೋಕೆ ಇದೂ ಒಂದು ಕಾರಣ. ಊರಿನ ದೊಲ್ದರ್ ಗೋಪುರ 1291ರದ್ದು. ಆಮೇಲಿನ ಕಥೆ ಕಷ್ಟದ್ದು. 1871ರಲ್ಲಿ ಅಲ್ಸಾಸ್ ಜರ್ಮನಿಗೆ ಹೋಯ್ತು, 1918ರಲ್ಲಿ ಫ್ರಾನ್ಸಿಗೆ ವಾಪಸ್ಸು ಬಂತು, 1940ರಲ್ಲಿ ಮತ್ತೆ ಜರ್ಮನಿ ಹಿಡೀತು, ಯುದ್ಧದ ಕೊನೆಗೆ ಮತ್ತೆ ಫ್ರಾನ್ಸ್. 70 ಚಿಲ್ಲರೆ ವರ್ಷಕ್ಕೆ ನಾಲ್ಕು ಸಲ ಬಾವುಟ ಬದಲಾಯ್ತು, ಒಬ್ಬ ಮನುಷ್ಯನ ಆಯಸ್ಸಿನಲ್ಲಿ. 1942ರಿಂದ ಅಲ್ಸಾಸ್ ಮತ್ತೆ ಪಕ್ಕದ ಮೊಸೆಲ್‌ನ ಹುಡುಗರನ್ನ, ಸುಮಾರು 1,30,000 ಜನರನ್ನ, ಅವರ ಇಷ್ಟಕ್ಕೆ ವಿರುದ್ಧವಾಗಿ ಜರ್ಮನ್ ಸೈನ್ಯಕ್ಕೆ ಸೇರಿಸಿದ್ರು. 1944ರ ಡಿಸೆಂಬರ್‌ನಲ್ಲಿ ಪಕ್ಕದ ಊರುಗಳು, ಬೆನ್ವೀರ್, ಸಿಗೋಲ್ಸೈಮ್, ಅಮ್ಮರ್ಶ್ವೀರ್, ಇವೆಲ್ಲ ಗುಂಡಿನ ಕಾಳಗದಲ್ಲಿ ನೆಲಸಮ ಆದ್ವು. ರಿಕ್ವೀರ್ ಮಾತ್ರ ಹೆಚ್ಚು ಏಟು ತಿನ್ನದೆ ಉಳ್ಕೊಂತು. ಇವತ್ತು ಫೋಟೋ ತೆಗೆಯೋರೆಲ್ಲ ಆ ಬಣ್ಣದ ಮರದ ಚೌಕಟ್ಟಿನ ಮನೆಗಳನ್ನ ನೋಡಿ ಎಷ್ಟು ಚೆಂದ ಅಂತಾರೆ, ಪಕ್ಕದ ಬೆನ್ವೀರ್‌ಗೆ ಹೋಗಿ ಅಲ್ಲಿ ಎಲ್ಲಾ ಮನೆ ಯುದ್ಧದ ನಂತರದ್ದೇ ಯಾಕೆ ಅಂತ ಕೇಳೋರು ಕಮ್ಮಿ. ದಯವಿಟ್ಟು ಅಲ್ಲೂ ಒಂದು ಹತ್ತು ನಿಮಿಷ ಕಾರು ನಿಲ್ಲಿಸಿ.

ಇದು ವೈನಿಗೆ ಯಾಕೆ ಸಂಬಂಧ ಅಂದ್ರೆ, 1871ರ ನಂತರ ಅಲ್ಸಾಸ್‌ನಲ್ಲಿ ಅಗ್ಗದ, ಜಾಸ್ತಿ ಇಳುವರಿ ಕೊಡೋ ದ್ರಾಕ್ಷಿ ಬೆಳೆದು ಬೇರೆ ವೈನಿಗೆ ಬೆರೆಸೋಕೆ ಕಳಿಸೋ ಪರಿಸ್ಥಿತಿ ಬಂದಿತ್ತು. 1918ರ ನಂತರ ಕೆಲವೇ ಕೆಲವು ಮನೆತನಗಳು ಒಳ್ಳೆ ದ್ರಾಕ್ಷಿ ಮತ್ತೆ ನೆಡೋಣ, ನಮ್ಮ ಹೆಸರಲ್ಲೇ ಮಾರೋಣ ಅಂತ ಹಟ ಹಿಡಿದ್ವು, ಅದರಲ್ಲಿ ಹ್ಯೂಗೆಲ್ ಒಂದು. ಅಲ್ಸಾಸ್‌ಗೆ ಅಧಿಕೃತ ಅಪೆಲಾಸಿಯೋಂ, ಅಂದ್ರೆ ಪ್ರದೇಶದ ಹೆಸರಿಗೆ ಕಾನೂನಿನ ಮಾನ್ಯತೆ, ಸಿಕ್ಕಿದ್ದು 1962ರಲ್ಲಿ, ಫ್ರಾನ್ಸಿನ ಬೇರೆ ದೊಡ್ಡ ಪ್ರದೇಶಗಳಿಗೆಲ್ಲ 1930ರ ದಶಕದಲ್ಲೇ ಸಿಕ್ಕಿತ್ತು.

ಈ ಮನೆಯವರಲ್ಲಿ ನನಗೆ ತುಂಬಾ ಮೆಚ್ಚಿಗೆ ಆಗೋದು ಜಾಂ ಹ್ಯೂಗೆಲ್ ಬಗ್ಗೆ, ಎಲ್ಲರೂ ಜಾನಿ ಅಂತ ಕರೀತಿದ್ರು, 2009ರಲ್ಲಿ ತೀರ್ಕೊಂಡ್ರು. ಬಳ್ಳಿ ಮೇಲೆ ತಡವಾಗಿ ಬಿಟ್ಟು ಕುಯ್ಯೋ ಹಣ್ಣಿನ ವೈನಿಗೆ ವಾಂದಾಂಜ್ ತಾರ್ದೀವ್ ಅಂತಾರೆ, ಒಳ್ಳೆ ಜಾತಿ ಬೂಷ್ಟು ಹಿಡಿದು ಒಣಗಿದ ಹಣ್ಣನ್ನ ಒಂದೊಂದಾಗಿ ಆರಿಸಿ ಮಾಡೋ ಸಿಹಿ ವೈನಿಗೆ ಸೆಲೆಕ್ಸಿಯೋಂ ದ ಗ್ರ್ಯಾಂ ನೋಬ್ಲ್ ಅಂತಾರೆ. ಈ ಹೆಸರು ಯಾರು ಬೇಕಾದ್ರೂ ಹಾಕ್ಕೊಳ್ಳೋ ಹಾಗೆ ಆಗಬಾರದು, ಹಣ್ಣಿನಲ್ಲಿ ಇಷ್ಟು ಸಕ್ಕರೆ ಇರಲೇಬೇಕು, ಹೊರಗಿನಿಂದ ಸಕ್ಕರೆ ಸೇರಿಸೋ ಹಾಗಿಲ್ಲ, ರೀಸ್ಲಿಂಗ್, ಮಸ್ಕಟ್, ಪೀನೋ ಗ್ರೀ, ಗೆವುರ್ಜ್‌ಟ್ರಾಮಿನರ್ ಈ ನಾಲ್ಕೇ ದ್ರಾಕ್ಷಿ ಅಂತ ಕಟ್ಟುನಿಟ್ಟಿನ ನಿಯಮ 1984ರಲ್ಲಿ ಬಂತು, ಅದರ ಹಿಂದೆ ವರ್ಷಗಟ್ಟಲೆ ಓಡಾಡಿದ್ದು ಜಾನಿ. ತನಗೇ ಕಷ್ಟ ಆಗೋ ನಿಯಮವನ್ನ ತಾನೇ ಮುಂದೆ ನಿಂತು ತರೋ ವ್ಯಾಪಾರಿಗಳು ಎಷ್ಟು ಜನ ಸಿಗ್ತಾರೆ ಹೇಳಿ.

ಇನ್ನೊಂದು ಜಗಳ ಗ್ರಾಂ ಕ್ರೂ, ಅಂದ್ರೆ ಅತ್ಯುತ್ತಮ ತೋಟ ಅನ್ನೋ ಅಧಿಕೃತ ಪದವಿ ಬಗ್ಗೆ. ಅಲ್ಸಾಸ್‌ನಲ್ಲಿ ಅತ್ಯುತ್ತಮ ಅಂತ ಗುರುತಿಸಿದ 51 ತೋಟಗಳಿವೆ, ಮೊದಲನೇದು ಶ್ಲೋಸ್‌ಬರ್ಗ್ 1975ರಲ್ಲಿ, 51ನೇದು ಕೆಫರ್ಕಾಫ್ 2006ರಲ್ಲಿ. ಆದ್ರೆ ಗಡಿ ಎಳೆಯೋವಾಗ ಎಲ್ಲರನ್ನೂ ಒಪ್ಪಿಸೋಕೆ ಹೋಗಿ ಒಳ್ಳೆ ಜಾಗದ ಜೊತೆ ಸಾಧಾರಣ ಜಾಗನೂ ಸೇರಿಸ್ಕೊಂಡ್ರು ಅನ್ನೋದು ಹ್ಯೂಗೆಲ್ ಮನೆಯವರ ತಕರಾರು, ಅದಕ್ಕೆ ಶೋನನ್‌ಬೂರ್, ಸ್ಪೋರೆನ್ ತಮ್ಮ ಕೈಲೇ ಇದ್ರೂ ದಶಕಗಟ್ಟಲೆ ಆ ಪದವನ್ನ ಲೇಬಲ್ ಮೇಲೆ ಹಾಕ್ಲೇ ಇಲ್ಲ. ಪಕ್ಕದ ರಿಬೊವಿಲ್ಲೆಯ ಟ್ರಿಂಬಾಕ್ ಮನೆಯವರದ್ದೂ ಇದೇ ನಿಲುವಾಗಿತ್ತು, ಅವರು 1626ರಿಂದ ಇದ್ದಾರೆ, ಹ್ಯೂಗೆಲ್‌ಗಿಂತ ಇನ್ನೂ 13 ವರ್ಷ ಹಳಬರು. ನನ್ನ ಅಭಿಪ್ರಾಯ ಕೇಳಿದ್ರೆ ಹ್ಯೂಗೆಲ್ ಹೇಳಿದ್ದರಲ್ಲಿ ನ್ಯಾಯ ಇದೆ, ಆದ್ರೆ ಕೊಳ್ಳೋನಿಗೆ ಇದರಿಂದ ಉಪಯೋಗ ಆಗಲಿಲ್ಲ. ಹೊಸಬರು ಅಂಗಡಿಗೆ ಬಂದು ಎರಡು ಬಾಟಲಿ ಎತ್ತಿ ಇದು ಯಾವ ಗುಡ್ಡದ್ದು ಅಂತ ಹುಡುಕಿದ್ರೆ ಹಳೇ ಬಾಟಲಿಗಳಲ್ಲಿ ಸಿಗ್ತಾನೇ ಇರಲಿಲ್ಲ, ಕುಟುಂಬದ ಹೆಸರಿನ ಮೇಲೆ ನಂಬಿಕೆ ಇಟ್ಟು ತಗೋಬೇಕಿತ್ತು.

ಸರಿ, ವೈನ್‌ಗಳಿಗೆ ಬರೋಣ.

ಜೆಂಟಿಲ್ ಅನ್ನೋದು ಹಲವು ದ್ರಾಕ್ಷಿ ಬೆರೆಸಿ ಮಾಡೋದು, ಅರ್ಧಕ್ಕಿಂತ ಕಮ್ಮಿ ಇಲ್ಲದ ಹಾಗೆ, ಜಾನಿ ತಂದ ನಿಯಮದಲ್ಲಿ ಹೇಳಿದ ಆ ನಾಲ್ಕು ಮೇಲ್ಜಾತಿ ದ್ರಾಕ್ಷಿ ಇರಬೇಕು ಅಂತ ನಿಯಮ. ಹಳೇ ಕಾಲದ ಈ ಪದ್ಧತಿಗೆ ಮತ್ತೆ ಜೀವ ಕೊಟ್ಟಿದ್ದೂ ಇವರೇ. ಬೆಲೆ ಇಪ್ಪತ್ತು ಯೂರೋ ಒಳಗೆ. ಹೂವಿನ ಪರಿಮಳ, ಸ್ವಲ್ಪ ಮಸಾಲೆ, ಬಾಯಲ್ಲಿ ಹಗುರ. ಮೊದಲ ಸಲ ವೈನ್ ಕುಡಿಯೋರಿಗೆ ನಾನು ಕೊಡೋದು ಇದನ್ನೇ, ಈ ಬೆಲೆಗೆ ಇದಕ್ಕಿಂತ ನಂಬಿಕಸ್ಥ ಬಾಟಲಿ ನನಗೆ ಗೊತ್ತಿಲ್ಲ.

ಕ್ಲಾಸಿಕ್ ರೀಸ್ಲಿಂಗ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು. ಇದಕ್ಕೆ ಸ್ವಂತ ತೋಟದ್ದಲ್ಲ, ವರ್ಷಾನುಗಟ್ಟಲೆ ಒಪ್ಪಂದ ಇಟ್ಕೊಂಡಿರೋ ಬೆಳೆಗಾರರಿಂದ ಕೊಂಡ ಹಣ್ಣು. ಸ್ವಂತ ತೋಟದ ವೈನ್ ಮಾತ್ರ ಕುಡೀತೀನಿ ಅನ್ನೋರು ಇದ್ದಾರೆ, ನನಗೆ ಅದು ದೊಡ್ಡ ವಿಷಯ ಅನ್ನಿಸಲ್ಲ, ಹಣ್ಣು ಚೆನ್ನಾಗಿದ್ರೆ ಸಾಕು. ಪೂರ್ತಿ ಡ್ರೈ, ಅಂದ್ರೆ ಸಿಹಿ ಇಲ್ಲದ್ದು. ಮೊದಲ ಗುಟುಕಿಗೆ ನಿಂಬೆ, ಹಸಿರು ಸೇಬು, ಆಮೇಲೆ ನಾಲಿಗೆ ಬದಿಯಲ್ಲಿ ನೀರೂರಿಸೋ ಹುಳಿ. ನಮ್ಮವರು ಕೆಲವರು ಇದನ್ನ ಬಾಯಿಗಿಟ್ಟು ಮುಖ ಕಿವುಚ್ತಾರೆ, ಸಿಹಿ ಇಲ್ವಲ್ಲ ಅಂತ. ಬರೀ ವೈನ್ ಕುಡಿದು ತೀರ್ಪು ಕೊಡಬೇಡಿ. ರವೆ ಹಚ್ಚಿ ಹುರಿದ ಅಂಜಲ್ ಮೀನಿನ ತುಂಡಿನ ಜೊತೆ ಕುಡಿದು ನೋಡಿ, ಎಣ್ಣೆ ಜಿಡ್ಡನ್ನ ಆ ಹುಳಿ ಹೇಗೆ ತೊಳೆದು ಹಾಕುತ್ತೆ, ಮುಂದಿನ ತುತ್ತಿಗೆ ಬಾಯಿ ಹೇಗೆ ಸಿದ್ಧ ಆಗುತ್ತೆ ಅಂತ.

ಹಳೇ ರೀಸ್ಲಿಂಗ್ ತೆಗೆದಾಗ ಕೆಲವೊಮ್ಮೆ ಸೀಮೆಎಣ್ಣೆ ವಾಸನೆ ಬರುತ್ತೆ, ಹೆದರಬೇಡಿ, ಕೆಟ್ಟಿಲ್ಲ. ಬಿಸಿಲು ಚೆನ್ನಾಗಿ ಕುಡಿದ ರೀಸ್ಲಿಂಗ್ ಹಣ್ಣಿನಲ್ಲಿ ಇರೋ ವಸ್ತುಗಳು ಬಾಟಲಿಯಲ್ಲಿ ವರ್ಷ ಕಳೆದ ಹಾಗೆ ಟಿಡಿಎನ್ ಅನ್ನೋ ರಾಸಾಯನಿಕವಾಗಿ ಬದಲಾಗ್ತವೆ, ಆ ವಾಸನೆ ಅದರದ್ದು. ಹಿತಮಿತವಾಗಿದ್ರೆ ನನಗೆ ಅದು ಇಷ್ಟ, ಜೇನು ಮತ್ತೆ ನಿಂಬೆ ಸಿಪ್ಪೆ ಜೊತೆ ಸೇರಿದಾಗ ಬೇರೆ ಯಾವ ವೈನಲ್ಲೂ ಸಿಗದ ಅನುಭವ.

ಸ್ವಂತ ತೋಟದ ಹಣ್ಣಿನ ವೈನ್‌ಗಳಲ್ಲಿ ಮೇಲ್ದರ್ಜೆಯದ್ದು ಗ್ರೋಸಿ ಲೌಏ, ಮತ್ತೆ ಅದಕ್ಕೂ ಮೇಲೆ ಶೋಯಲ್‌ಹಾಮರ್. ಶೋಯಲ್‌ಹಾಮರ್ ಶೋನನ್‌ಬೂರ್ ಗುಡ್ಡದ ಒಳಗೇ ಇರೋ ಒಂದು ಸಣ್ಣ ತುಂಡು, ಒಂದು ಹೆಕ್ಟೇರ್ ಕೂಡ ಇಲ್ಲ, 2007ರ ಬೆಳೆ ಮೊದಲನೇದು, ಅದನ್ನ ಮಾರುಕಟ್ಟೆಗೆ ಬಿಟ್ಟಿದ್ದು 2015ರಲ್ಲಿ. ಎಂಟು ವರ್ಷ ನೆಲಮಾಳಿಗೆಯಲ್ಲೇ ಇಟ್ಟು ಆಮೇಲೆ ಬಿಟ್ರು ಅಂದ್ರೆ ತಾಳ್ಮೆ ಎಷ್ಟಿರಬೇಕು. ಬೆಲೆ ನೂರು ಯೂರೋ ದಾಟುತ್ತೆ. ಲೋಟದಲ್ಲಿ ಮೊದಲು ಏನೂ ಹೇಳಲ್ಲ, ಗಾಳಿ ಆಡಿದ ಮೇಲೆ ನಿಧಾನಕ್ಕೆ ಬಿಚ್ಚಿಕೊಳ್ಳುತ್ತೆ, ನುಂಗಿದ ಮೇಲೆ ಉಪ್ಪಿನಂಥ ಒಂದು ರುಚಿ ಬಹಳ ಹೊತ್ತು ಉಳಿಯುತ್ತೆ. ಅದ್ಭುತವಾದ ವೈನ್. ಆದ್ರೆ ಅದೇ ದುಡ್ಡಿಗೆ ಒಂದು ಗ್ರೋಸಿ ಲೌಏ ರೀಸ್ಲಿಂಗ್ ಮತ್ತೆ ಒಂದೆರಡು ಕ್ಲಾಸಿಕ್ ಬಾಟಲಿ ಬರುತ್ತೆ, ನಾನಂತೂ ಹಾಗೇ ತಗೋತೀನಿ.

ಗೆವುರ್ಜ್‌ಟ್ರಾಮಿನರ್ ಮೂಗಿಗೆ ತಂದ ಕೂಡ್ಲೇ ಗುಲಾಬಿ ಮತ್ತೆ ಲಿಚಿ ಹಣ್ಣು. ಇದು ಬರೀ ವರ್ಣನೆಗೆ ಹೇಳೋ ಮಾತಲ್ಲ, ಗುಲಾಬಿ, ಲಿಚಿ, ಈ ದ್ರಾಕ್ಷಿ ಮೂರರಲ್ಲೂ ರೋಸ್ ಆಕ್ಸೈಡ್ ಅನ್ನೋ ಒಂದೇ ಪರಿಮಳದ ವಸ್ತು ಇದೆ. ನಮ್ಮ ಊಟಕ್ಕೆ ಹೊಂದೋ ವೈನ್ ಯಾವುದು ಅಂತ ಕೇಳೋರಿಗೆ ನನ್ನ ಉತ್ತರ ಇದು. ಹುಳಿ ಕಮ್ಮಿ, ಮೈ ತುಂಬಿದ ಹಾಗಿರುತ್ತೆ, ಪರಿಮಳ ಜೋರು, ಹಾಗಾಗಿ ಚಕ್ಕೆ ಲವಂಗ ಮರಾಠಿ ಮೊಗ್ಗಿನ ಬಿಸಿಬೇಳೆ ಬಾತ್ ಎದುರಿಗೂ ಮಂಕಾಗಲ್ಲ. ತುಪ್ಪದಲ್ಲಿ ಹುರಿದ ಕುಂದಾಪುರದ ಕೋಳಿ ಘೀ ರೋಸ್ಟ್ ಜೊತೆ ಅಂತೂ ಸೂಪರ್. ತುಂಬಾ ಖಾರ ಹಾಕಿದ ಅಡುಗೆ ಜೊತೆ ಮಾತ್ರ ಬೇಡ, ಈ ವೈನಿನಲ್ಲಿ ಆಲ್ಕೋಹಾಲ್ ಸ್ವಲ್ಪ ಮೇಲೇ ಇರುತ್ತೆ, ಆಲ್ಕೋಹಾಲ್ ಖಾರವನ್ನ ಇನ್ನೂ ಉರಿಸುತ್ತೆ. ಅಲ್ಲಿಯವರು ಇದನ್ನ ಮುನ್ಸ್ಟರ್ ಅನ್ನೋ ಘಾಟು ಚೀಸ್ ಜೊತೆ, ಪಕ್ಕದಲ್ಲಿ ಸ್ವಲ್ಪ ಜೀರಿಗೆ ಇಟ್ಕೊಂಡು ತಿಂತಾರೆ. ಜೀರಿಗೆ ನೋಡಿ ನಮಗೆಲ್ಲ ಖುಷಿ ಆಯ್ತು. ಚೀಸ್ ವಾಸನೆ ತಡ್ಕೋಬೇಕು, ಆದ್ರೆ ಬಾಯಿಗೆ ಹೋದ ಮೇಲೆ ಬೇರೆನೇ.

ಇದೇ ದ್ರಾಕ್ಷಿಯ ವಾಂದಾಂಜ್ ತಾರ್ದೀವ್ ಸಿಕ್ಕಿದ್ರೆ ಒಂದು ಗುಟುಕಾದ್ರೂ ರುಚಿ ನೋಡಿ. ಸಿಹಿ ಇದೆ, ಆದ್ರೆ ಪಾಕ ಕುಡಿದ ಹಾಗಲ್ಲ. ಪೀನೋ ನುವಾರ್ ಕೂಡ ಮಾಡ್ತಾರೆ, ಚೆನ್ನಾಗೇ ಇದೆ. ಬಿಸಿಲು ಜಾಸ್ತಿ ಆಗ್ತಿರೋದ್ರಿಂದ ಅಲ್ಸಾಸ್ ಕೆಂಪು ವೈನ್ ಮೊದಲಿಗಿಂತ ತುಂಬಾ ಸುಧಾರಿಸಿದೆ, 2022ರಲ್ಲಿ ಹೆಂಗ್ಸ್ಟ್ ಮತ್ತೆ ಬಾರ್ ಊರಿನ ಕಿರ್ಷ್‌ಬರ್ಗ್ ತೋಟಗಳಿಗೆ ಪೀನೋ ನುವಾರ್‌ಗೂ ಗ್ರಾಂ ಕ್ರೂ ಕೊಟ್ರು. ಆದ್ರೆ ಅದೇ ಬಿಸಿಲು ರೀಸ್ಲಿಂಗ್‌ಗೆ ಚಿಂತೆಯ ವಿಷಯ. ಹಿಂದೆ ಅಕ್ಟೋಬರ್‌ನಲ್ಲಿ ನಡೀತಿದ್ದ ಕುಯ್ಲು ಈಗ ಸೆಪ್ಟೆಂಬರ್‌ಗೆ ಬಂದಿದೆ, ನೊರೆ ವೈನ್ ಕ್ರೆಮಾನ್‌ಗೆ ಆಗಸ್ಟ್ ಕೊನೆಯಲ್ಲೇ ಕುಯ್ಯೋ ವರ್ಷಗಳೂ ಇವೆ. ನಿಧಾನಕ್ಕೆ ಮಾಗೋದೇ ಈ ಊರಿನ ಆಸ್ತಿ ಅಂತ ಮೇಲೆ ಹೇಳಿದೆ, ಆ ನಿಧಾನ ಕಮ್ಮಿ ಆಗ್ತಿದೆ ಅನ್ನೋದು ನನಗೆ ನಿಜಕ್ಕೂ ಬೇಜಾರು.

ಅಂಗಡಿ ಸೇವೆ ಬಗ್ಗೆ ಹೇಳ್ಬೇಕಂದ್ರೆ, ಇಂಗ್ಲಿಷ್ ಚೆನ್ನಾಗಿ ಮಾತಾಡ್ತಾರೆ, ಜರ್ಮನ್ ಕೂಡ. ಗುಡ್ಡ ಹತ್ತಿ ಬಂದಿದೀವಿ ಅಂದಿದ್ದಕ್ಕೆ ಕೌಂಟರ್‌ನಲ್ಲಿದ್ದ ಹೆಣ್ಣುಮಗಳು ನಕ್ಷೆ ತೆಗೆದು ನಾವು ನಿಂತಿದ್ದ ಜಾಗ ಯಾವುದು, ಅಲ್ಲಿನ ಹಣ್ಣು ಯಾವ ಬಾಟಲಿಗೆ ಹೋಗುತ್ತೆ ಅಂತ ಬೆರಳಿಟ್ಟು ತೋರಿಸಿದ್ರು. ವಿಜಯಪುರದ ಗೆಳೆಯರು ರೋಗ, ಔಷಧಿ, ಕೂಲಿ ಅಂತ ಕೇಳ್ತಾ ಹೋದ್ರೂ ಬೇಸರ ಇಲ್ಲದೆ ಉತ್ತರ ಕೊಟ್ರು, ಹಣ್ಣೆಲ್ಲ ಕೈಯಲ್ಲೇ ಕುಯ್ಯೋದು ಅಂತ ಕೇಳಿ ಅವರಿಗೆ ಸಮಾಧಾನ ಆಯ್ತು. ಕೊಳ್ಳಲೇಬೇಕು ಅನ್ನೋ ಒತ್ತಾಯ ಇರಲಿಲ್ಲ. ಉಗಿಯೋಕೆ ಪಾತ್ರೆ ಇಟ್ಟಿರ್ತಾರೆ, ಕಾರು ಓಡಿಸೋರು ನಾಚ್ಕೋಬೇಡಿ, ಬಾಯಲ್ಲಿ ಆಡಿಸಿ ಉಗಿಯೋದೇ ಅಲ್ಲಿ ರೂಢಿ. ಫ್ರಾನ್ಸಿನಲ್ಲಿ ಕಾರು ಓಡಿಸೋರ ರಕ್ತದಲ್ಲಿ ಆಲ್ಕೋಹಾಲ್‌ಗೆ ಲೀಟರ್‌ಗೆ 0.5 ಗ್ರಾಂ ಮಿತಿ, ತೋಟದ ರಸ್ತೆಗಳು ಸಣ್ಣವು, ತಿರುವು ಜಾಸ್ತಿ.

ಅದೇ ಸೀಮೆಯಲ್ಲಿ ಬೇರೊಂದು ಅಂಗಡಿಯಲ್ಲಿ ನಮಗೆ ರೀಸ್ಲಿಂಗ್ ಅಂತ ಕೊಟ್ಟಿದ್ದು ಮನೆಗೆ ಬಂದು ತೆಗೆದ್ರೆ ಸಿಹಿ ಸಿಹಿ. ಅಲ್ಸಾಸ್ ವೈನಿನ ಮೇಲೆ ಬಹಳ ಕಾಲದಿಂದ ಇದ್ದ ದೂರು ಇದೇ, ಡ್ರೈನಾ ಸಿಹಿನಾ ಅಂತ ಬಾಟಲಿ ನೋಡಿ ಗೊತ್ತಾಗ್ತಿರಲಿಲ್ಲ. 2021ರ ಬೆಳೆಯಿಂದ ಲೇಬಲ್ ಮೇಲೆ ಸಿಹಿ ಎಷ್ಟು ಅಂತ ಹಾಕೋದು ಕಡ್ಡಾಯ ಆಗಿದೆ. ಸೆಕ್ ಅಂದ್ರೆ ಡ್ರೈ, ಮ್ವಾಲೂ ಮತ್ತೆ ದೂ ಅಂದ್ರೆ ಸಿಹಿ ಕಡೆಗೆ. ಕೊಳ್ಳೋ ಮುಂಚೆ ಅದನ್ನ ನೋಡ್ಕೊಳ್ಳಿ. ಹ್ಯೂಗೆಲ್ ಮನೆಯ ರೀಸ್ಲಿಂಗ್‌ನಲ್ಲಿ ಈ ಗೊಂದಲ ಮೊದಲಿಂದಲೂ ಇಲ್ಲ, ಡ್ರೈ ಮಾಡೋದೇ ಅವರ ಕ್ರಮ.

ಹೋಗೋಕೆ ಮೇ, ಜೂನ್ ಅಥವಾ ಅಕ್ಟೋಬರ್ ಒಳ್ಳೇದು. ಡಿಸೆಂಬರ್‌ನ ಕ್ರಿಸ್ಮಸ್ ಮಾರ್ಕೆಟ್ ಸಮಯದಲ್ಲಿ ಊರು ನೋಡೋಕೆ ಚೆಂದ, ಆದ್ರೆ ಕಾಲಿಡೋಕೆ ಜಾಗ ಇರಲ್ಲ, ಕೌಂಟರ್ ಹತ್ರ ನಿಂತು ನಾಲ್ಕು ಮಾತು ಕೇಳೋಕೂ ಆಗಲ್ಲ. ಕಾರಿಲ್ಲದೋರು ಸ್ಟ್ರಾಸ್‌ಬೂರ್‌ನಿಂದ ರೈಲಲ್ಲಿ ಕೊಲ್ಮಾರ್‌ಗೆ ಅರ್ಧ ಗಂಟೆ, ಅಲ್ಲಿಂದ ಬಸ್ಸು. ಸ್ಟ್ರಾಸ್‌ಬೂರ್‌ನಲ್ಲಿ ಟೈಮ್ ಇದ್ರೆ ಆಸ್ಪತ್ರೆ ಕೆಳಗಿನ ನೆಲಮಾಳಿಗೆಗೆ ಹೋಗಿ, 1395ರದ್ದು, ಅಲ್ಲಿ 1472ರ ವೈನ್ ಇನ್ನೂ ಪೀಪಾಯಿಯಲ್ಲಿದೆ, ಇಲ್ಲಿವರೆಗೂ ಮೂರೇ ಸಲ ಹೊರಗೆ ತೆಗೆದು ಬಡಿಸಿದ್ದು, ಕೊನೇ ಸಲ 1944ರಲ್ಲಿ ಜರ್ಮನ್ನರಿಂದ ಊರು ಬಿಡುಗಡೆ ಆದಾಗ, ಅದನ್ನ ಬಿಡಿಸಿದ ಫ್ರೆಂಚ್ ಜನರಲ್ ಲಕ್ಲೇರ್‌ಗೆ. ಸಸ್ಯಾಹಾರಿಗಳಿಗೆ ಒಂದು ಮಾತು, ಇಲ್ಲಿನ ತೆಳ್ಳಗಿನ ತಾರ್ತ್ ಫ್ಲಾಂಬೆ ರೊಟ್ಟಿಯ ಮೇಲೆ ಹಂದಿ ಮಾಂಸದ ಚೂರು ಹಾಕೋದು ರೂಢಿ, ಬೇಡ ಅಂತ ಮೊದಲೇ ಹೇಳಿ, ಅಣಬೆ ಹಾಕಿ ಕೊಡ್ತಾರೆ. ಮಕ್ಕಳಿದ್ರೆ ಪಕ್ಕದ ಉನಾವೀರ್‌ನಲ್ಲಿ ಕೊಕ್ಕರೆ ಪಾರ್ಕ್ ಇದೆ, 1970ರ ದಶಕದಲ್ಲಿ ಇಡೀ ಅಲ್ಸಾಸ್‌ನಲ್ಲಿ ಬಿಳಿ ಕೊಕ್ಕರೆ ಹತ್ತು ಜೋಡಿ ಕೂಡ ಉಳಿದಿರಲಿಲ್ಲ, ಈಗ ಮನೆ ಮನೆ ಚಾವಣಿ ಮೇಲೆ ಗೂಡು.

ಊರಿಗೆ ತಗೊಂಡು ಹೋಗೋರು ನೆನಪಿಡಿ, ಭಾರತಕ್ಕೆ ಒಬ್ಬರಿಗೆ ಸುಂಕ ಇಲ್ಲದೆ ಎರಡು ಲೀಟರ್, ಅಂದ್ರೆ 750 ಮಿಲಿಯ ಎರಡು ಬಾಟಲಿ. ನನ್ನ ಪ್ರಕಾರ ಒಂದು ಕ್ಲಾಸಿಕ್ ರೀಸ್ಲಿಂಗ್, ಒಂದು ಗೆವುರ್ಜ್‌ಟ್ರಾಮಿನರ್. ಈ ಬಾಟಲಿಗಳ ಕುತ್ತಿಗೆ ಉದ್ದ, ಮಾಮೂಲಿ ಡಬ್ಬದಲ್ಲಿ ಕೂರಲ್ಲ, ಪ್ಯಾಕಿಂಗ್ ಅಂಗಡಿಯಲ್ಲೇ ಕೇಳಿ ಮಾಡಿಸ್ಕೊಳ್ಳಿ.